ಕಡಲಾಚೆಯ ನೆರೆನಾಡು: ಒಮಾನ್

ನಮ್ಮ ಕರಾವಳಿಯ ಅನೇಕ ಮನೆಗಳಿಂದ ಒಬ್ಬರಾದರೂ ಅರಬ್ಬೀ ದೇಶಗಳಿಗೆ ದುಡಿಯಲು ಹೋಗಿರುತ್ತಾರೆ. ತಿಂಗಳಿಗೊಮ್ಮೆ ಅಲ್ಲಿಂದ ಹಣ ಬರುತ್ತದೆ. ವರುಷಕ್ಕೊಮ್ಮೆಯೋ ಎರಡು ವರುಷಕ್ಕೊಮ್ಮೆಯೋ ಹೋದವರು ಬರುತ್ತಾರೆ. ಆದರೆ ಆ ದೇಶದ ಸಮಾಚಾರ ಮಾತ್ರ ಎಂದೂ ಬರುವುದಿಲ್ಲ. ಅಲ್ಲಿನ ಬೆಟ್ಟವೆಂತಹದು, ಬೆಳೆಯೇನು, ಜನರ ನಡೆನುಡಿ ಹೇಗೆ ಎಂದು ಕೇಳಿದರೆ, “ಏನಿದೆ? ಮರಳು, ಬಿಸಿಲು, ಎಣ್ಣೆಯ ಬಾವಿ” ಎಂಬ ಮೂರು ಮಾತಿನಲ್ಲಿ ಉತ್ತರ ಮುಗಿದುಹೋಗುತ್ತದೆ.

ನಮ್ಮ ಮಗನು ಒಂಬತ್ತು ವರುಷಗಳಿಂದ ಒಮಾನ್ ದೇಶದ ಮಸ್ಕತ್ತಿನಲ್ಲಿ ಉದ್ಯೋಗದಲ್ಲಿದ್ದಾನೆ. ಪುಷ್ಯಮಾಸದಲ್ಲಿ ಅವನು ನಮ್ಮಿಬ್ಬರನ್ನೂ ಕರೆಸಿಕೊಂಡಾಗ, “ಮಗನನ್ನು ನೋಡಲು ಬರುತ್ತೇನೆ, ಆ ಮರಳಿನಲ್ಲಿ ಬೇರೆ ನೋಡುವುದೇನಿದೆ?” ಎಂದು ಮನೆಯಾಕೆ ಕೇಳಿದಳು. ಅದಕ್ಕೆ ನನ್ನಲ್ಲಿಯೂ ಉತ್ತರವಿರಲಿಲ್ಲ. ಹಿಂದಿರುಗುವಾಗ ಉತ್ತರ ದೊರೆತಿತ್ತು. ಒಮಾನಿನಲ್ಲಿ ನೋಡತಕ್ಕದ್ದು ಮರಳಲ್ಲ, ನೀರು. ನೀರಿಲ್ಲದ ನಾಡಿನಲ್ಲಿ ಜನರು ನೀರನ್ನು ಹೇಗೆ ತಂದರು, ಹೇಗೆ ಹಂಚಿಕೊಂಡರು, ಉಪ್ಪುನೀರಿನ ಕಡಲಿನ ಮೇಲೆ ಗಾಳಿಯನ್ನು ನಂಬಿ ಹೇಗೆ ಬಾಳಿದರು ಎಂಬುದೇ ಆ ದೇಶದ ಕಥೆ. ಆ ಕಥೆಯಲ್ಲಿ ನಮ್ಮ ನಾಡಿನ ಪಾತ್ರವೂ ಉಂಟು.

ಮಂಗಳೂರಿನಿಂದ ಮಸ್ಕತ್ತಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಗಳ ಹಾದಿ. ಹಳೆಯ ಮಸ್ಕತ್ತು ಕಪ್ಪು ಬಂಡೆಗಳ ನಡುವೆ ಅಡಗಿರುವ ಒಂದು ಸಣ್ಣ ರೇವು. ಅದರ ಎರಡು ಕೊನೆಗಳಲ್ಲಿ ಜಲಾಲಿ, ಮಿರಾನಿ ಎಂಬ ಎರಡು ಕೋಟೆಗಳು ಕಾವಲುಗಾರರಂತೆ ನಿಂತಿವೆ. 1507ರಲ್ಲಿ ಪೋರ್ಚುಗೀಸರ ಅಲ್ಬುಕರ್ಕನು ಈ ಊರನ್ನು ಹಿಡಿದನು. ಈ ಕೋಟೆಗಳು ಇಂದಿನ ರೂಪಕ್ಕೆ ಬಂದುದು 1580ರ ದಶಕದಲ್ಲಿ, ಅವರ ಕೈಯಿಂದಲೇ. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫನು ಅವರನ್ನು ಹೊರದೂಡಿದನು. ಆ ವಿಜಯಕ್ಕೆ ಸಂಬಂಧಿಸಿದ ಒಂದು ಕಥೆಯನ್ನು ಇಬ್ನ್ ರುಝೈಕ್ ಎಂಬ ಒಮಾನೀ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಮಸ್ಕತ್ತಿನಲ್ಲಿ ಒಬ್ಬ ಹಿಂದೂ ವರ್ತಕನಿದ್ದನಂತೆ. ಪೋರ್ಚುಗೀಸ್ ಅಧಿಕಾರಿಯು ಅವನ ಮಗಳನ್ನು ತನಗೆ ಕೊಡಬೇಕೆಂದು ಬಲವಂತಪಡಿಸಿದನು. ವರ್ತಕನು ಒಪ್ಪಿದವನಂತೆ ನಟಿಸಿ, ಮದುವೆಯ ಸಿದ್ಧತೆಗೆ ಕಾಲಾವಕಾಶ ಬೇಡಿದನು. ಈ ನಡುವೆ, ಕೋಟೆಯ ತೊಟ್ಟಿಯ ನೀರು ಹಳಸಿದೆ, ಗೋಧಿ ಹುಳುಹತ್ತಿದೆ, ಮದ್ದು ಕೆಟ್ಟಿದೆ, ಎಲ್ಲವನ್ನೂ ಬದಲಾಯಿಸಬೇಕೆಂದು ಅಧಿಕಾರಿಯನ್ನು ನಂಬಿಸಿ, ಎಲ್ಲವನ್ನೂ ಬರಿದು ಮಾಡಿಸಿದನು. ಒಡನೆಯೇ ಇಮಾಮನಿಗೆ ಸುದ್ದಿ ಮುಟ್ಟಿಸಿದನು. ನೀರೂ ಮದ್ದೂ ಇಲ್ಲದ ಕೋಟೆ ಎಷ್ಟು ಹೊತ್ತು ನಿಂತೀತು? ಕಥೆಯಲ್ಲಿ ಎಷ್ಟು ಪಾಲು ನಿಜವೆಂದು ವಿದ್ವಾಂಸರು ವಿಚಾರಿಸಲಿ. ಮಗಳ ಮಾನಕ್ಕಾಗಿ ಒಬ್ಬ ತಂದೆ ಮಾಡಿದ ಉಪಾಯವನ್ನು ಆ ದೇಶದವರು ತಮ್ಮ ಚರಿತ್ರೆಯಲ್ಲಿ ಗೌರವದಿಂದ ಬರೆದುಕೊಂಡಿರುವುದು ದೊಡ್ಡ ಮಾತು. ಇಂದಿಗೂ ಅರಮನೆಯ ಸಮೀಪದಲ್ಲಿಯೇ ಒಂದು ಶಿವಾಲಯವಿದೆ. ಶಿವರಾತ್ರಿಯ ದಿನ ಅಲ್ಲಿ ಜನಸಂದಣಿ ಸೇರುತ್ತದೆ.

ಮಸ್ಕತ್ತಿಗೂ ನಮಗೂ ಅಕ್ಕಿಯ ಋಣವೂ ಉಂಟು. ಹದಿನೆಂಟನೆಯ ಶತಮಾನದಲ್ಲಿ ಮಂಗಳೂರಿನ ಅಕ್ಕಿ ಹಡಗು ಹಡಗಾಗಿ ಇಲ್ಲಿಗೆ ಬರುತ್ತಿದ್ದಿತು. ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ಒಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದನು. ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿಗಳು ಅದರ ಮೂಲಕ ಮಾರಾಟವಾಗುತ್ತಿದ್ದುವು. ರೇಷ್ಮೆಯ ಹುಳುಗಳನ್ನೂ ಅವುಗಳನ್ನು ಸಾಕಬಲ್ಲ ಜನರನ್ನೂ ಕಳುಹಿಸಿಕೊಡಬೇಕೆಂದು ಆ ಕೋಠಿಯ ದಾರೋಗನಿಗೆ ಅವನು ಬರೆಸಿದ ಕಾಗದವು ಉಳಿದುಬಂದಿದೆ. ಹಣದ ವಿಷಯದಲ್ಲಿಯೂ ನಂಟು ಹೀಗೆಯೇ. ಮಸ್ಕತ್ತಿನಲ್ಲಿ 1970ರವರೆಗೂ ರೂಪಾಯಿ ಚಲಾವಣೆಯಲ್ಲಿದ್ದಿತು. ಈಗಿನ ರಿಯಾಲಿನ ಚಿಲ್ಲರೆಯ ಹೆಸರು ‘ಬೈಸಾ’, ಎಂದರೆ ನಮ್ಮ ಪೈಸೆಯೇ.

ಪಕ್ಕದ ಮತ್ರಾ ಎಂಬಲ್ಲಿರುವ ಹಳೆಯ ಪೇಟೆಯನ್ನು ಸಂಜೆಯ ಹೊತ್ತು ನೋಡಬೇಕು. ಮೇಲ್ಚಾವಣಿಯಿರುವ ಇಕ್ಕಟ್ಟಾದ ಓಣಿಗಳು. ಬೆಳ್ಳಿಯ ಸಾಮಾನು, ಬಾಗುಕತ್ತಿಗಳು, ಅತ್ತರು, ಲೋಬಾನದ ಹೊಗೆ. ನಗರದ ಹೊಸ ಭಾಗದಲ್ಲಿ 2001ರಲ್ಲಿ ತೆರೆದ ಸುಲ್ತಾನ್ ಕಾಬೂಸ್ ಮಹಾಮಸೀದಿಯಿದೆ. ಅದರ ಕಟ್ಟಡಕ್ಕೆ ಬಳಸಿದ ಮರಳುಕಲ್ಲು ನಮ್ಮ ದೇಶದಿಂದ ಹೋದುದು. ಪ್ರಾರ್ಥನಾಮಂದಿರದಲ್ಲಿ ಹಾಸಿರುವ ರತ್ನಗಂಬಳಿಯ ಉದ್ದ 70 ಮೀಟರು, ಅಗಲ 60 ಮೀಟರು. ಪಾರಸೀಕ ಸ್ತ್ರೀಯರು ನಾಲ್ಕು ವರುಷ ಕೂತು ನೇಯ್ದುದು. ಶುಕ್ರವಾರದ ಹೊರತು ಉಳಿದ ದಿನಗಳ ಬೆಳಗಿನಲ್ಲಿ ಅನ್ಯಮತದವರಿಗೂ ಪ್ರವೇಶವುಂಟು. ಸ್ತ್ರೀಯರು ತಲೆಗೆ ವಸ್ತ್ರ ಹೊದ್ದು, ಮೈತುಂಬ ಉಡುಗೆ ತೊಟ್ಟು ಹೋಗಬೇಕು. ಸೀರೆಯ ಮೇಲೊಂದು ಶಾಲು ಹೊದ್ದರೆ ಸಾಕೇ ಎಂದು ಮನೆಯಾಕೆ ಅಂಜುತ್ತಿದ್ದಳು. ಬಾಗಿಲಲ್ಲಿದ್ದ ಹೆಂಗಸು ತಾನೇ ಬಂದು ಸೆರಗನ್ನು ಸರಿಪಡಿಸಿ ಒಳಗೆ ಬಿಟ್ಟಳು.

ಮಸ್ಕತ್ತಿನಿಂದ ಒಳನಾಡಿನ ಕಡೆಗೆ ಸುಮಾರು 150 ಕಿಲೋಮೀಟರು ಹೋದರೆ ನಿಜ್ವಾ ಎಂಬ ಪುರಾತನ ಪಟ್ಟಣ ಸಿಕ್ಕುತ್ತದೆ. 1970ಕ್ಕೆ ಮುಂಚೆ ಇಡೀ ದೇಶದಲ್ಲಿ ಡಾಮರು ರಸ್ತೆಯಿದ್ದುದು ಹತ್ತು ಕಿಲೋಮೀಟರಿನಷ್ಟು ಮಾತ್ರ. ಮಸ್ಕತ್ತಿನ ಊರಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದರು, ಕತ್ತಲಲ್ಲಿ ನಡೆಯುವವನು ಕೈಯಲ್ಲಿ ಲಾಂದ್ರ ಹಿಡಿದಿರಬೇಕೆಂದು ಕಟ್ಟಳೆಯಿದ್ದಿತು. ಆ ವರುಷ ಪಟ್ಟಕ್ಕೆ ಬಂದು 2020ರವರೆಗೆ ಆಳಿದ ಸುಲ್ತಾನ್ ಕಾಬೂಸನ ಕಾಲದಲ್ಲಿ ದೇಶದ ರೂಪ ಬದಲಾಯಿತು. ಈಗ ನಿಜ್ವಾದವರೆಗೂ ಮೋಟಾರು ನುಣ್ಣಗೆ ಸಾಗುತ್ತದೆ.

ನಿಜ್ವಾದ ಕೋಟೆಯನ್ನು ಕಟ್ಟಿಸಿದವನು ಪೋರ್ಚುಗೀಸರನ್ನು ಓಡಿಸಿದ ಆ ಇಮಾಮನೇ. ಅದರ ದುಂಡುಬುರುಜು 30 ಮೀಟರು ಎತ್ತರ, 36 ಮೀಟರು ಅಡ್ಡಳತೆ. ಕಟ್ಟಿ ಮುಗಿಸಲು ಹನ್ನೆರಡು ವರುಷ ಹಿಡಿಯಿತಂತೆ. ಮೆಟ್ಟಿಲ ದಾರಿಯ ಬಾಗಿಲುಗಳ ಮೇಲೆ ಕಿಂಡಿಗಳಿವೆ. ಶತ್ರುಗಳು ನುಗ್ಗಿದರೆ ಕುದಿಯುವ ಖರ್ಜೂರದ ಪಾಕವನ್ನು ಆ ಕಿಂಡಿಗಳಿಂದ ಸುರಿಯುತ್ತಿದ್ದರು. ಖರ್ಜೂರದ ಮೂಟೆಗಳನ್ನು ಒಟ್ಟಿದ ಕೋಣೆಯ ನೆಲದಲ್ಲಿ ಗೀಚಿದ ಕಾಲುವೆಗಳಿವೆ. ಭಾರಕ್ಕೆ ಒಸರಿದ ರಸವು ಅವುಗಳಲ್ಲಿ ಹರಿದು ಗಡಿಗೆಗೆ ಬೀಳುತ್ತಿದ್ದಿತು. ಉಣ್ಣುವುದಕ್ಕೂ ಅದೇ, ಯುದ್ಧಕ್ಕೂ ಅದೇ! ಶುಕ್ರವಾರ ಬೆಳಿಗ್ಗೆ ಕೋಟೆಯ ಹತ್ತಿರವೇ ಆಡು ದನಗಳ ಸಂತೆ ನಡೆಯುತ್ತದೆ. ಸಮೀಪದ ಬಹ್ಲಾದಲ್ಲಿ ಹಸಿಯಿಟ್ಟಿಗೆಯ ಮಹಾಕೋಟೆಯೊಂದಿದೆ; 1987ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆದರೆ ನಿಜ್ವಾದಲ್ಲಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದುದು ಕೋಟೆಯಲ್ಲ, ಊರ ಹೊರಗಿನ ‘ಫಲಜ್ ದಾರಿಸ್’ ಎಂಬ ನೀರಿನ ಕಾಲುವೆ. ‘ಫಲಜ್’ ಎಂದರೆ ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿಯನ್ನು ತೋಡಿ, ಅಲ್ಲಿನ ಅಂತರ್ಜಲವನ್ನು ನೆಲದಡಿಯ ಸುರಂಗದ ಮೂಲಕ ಊರಿಗೆ ಹರಿಸುವ ಏರ್ಪಾಡು. ಯಂತ್ರವಿಲ್ಲ, ಏತವಿಲ್ಲ, ಸುರಂಗದ ಇಳಿಜಾರನ್ನು ಅಳತೆ ತಪ್ಪದೆ ಕಡಿದಿರುವುದರಿಂದ ನೀರು ತಾನಾಗಿಯೇ ನಡೆದುಬರುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಗಂಡಿಗಳಿವೆ. ಹೂಳೆತ್ತುವವರು ಅವುಗಳಲ್ಲಿ ಇಳಿಯುತ್ತಾರೆ. ಊರು ಸೇರಿದೊಡನೆ ನೀರು ಮೊದಲು ಕುಡಿಯುವುದಕ್ಕೆ, ಅನಂತರ ಮಸೀದಿಗೂ ಸ್ನಾನಕ್ಕೂ, ಆಮೇಲೆ ಖರ್ಜೂರದ ತೋಟಕ್ಕೆ, ಕಟ್ಟಕಡೆಗೆ ಬೇಸಾಯದ ಗದ್ದೆಗೆ. ಈ ಕ್ರಮವನ್ನು ಧನಿಕನೂ ಮೀರುವಂತಿಲ್ಲ.

ಹಂಚಿಕೆಯ ಬಗೆಯಂತೂ ಇನ್ನೂ ಸೊಗಸು. ನೀರನ್ನು ಅಳೆಯುವುದು ಕೊಡದಿಂದಲ್ಲ, ಹೊತ್ತಿನಿಂದ. ‘ಅಥರ್’ ಎಂದರೆ ಸುಮಾರು ಅರ್ಧ ಗಂಟೆಯ ಹರಿವು. ಹಗಲಲ್ಲಿ ನೆಟ್ಟ ಕಂಬದ ನೆರಳನ್ನೂ ಇರುಳಲ್ಲಿ ನಕ್ಷತ್ರಗಳ ಉದಯವನ್ನೂ ನೋಡಿ ಪಾಲನ್ನು ತಿರುಗಿಸುತ್ತಿದ್ದರು. ಕೆಲವು ಪಾಲುಗಳನ್ನು ಹರಾಜು ಹಾಕಿ, ಬಂದ ಹಣದಿಂದ ಕಾಲುವೆಯ ರಿಪೇರಿ ನಡೆಸುವುದೂ ಉಂಟು. ಇಂತಹ ಕಾಲುವೆಗಳು ಇಂದಿಗೂ ಸುಮಾರು 3,000 ಬಳಕೆಯಲ್ಲಿವೆ. 2006ರಲ್ಲಿ ಅವುಗಳಲ್ಲಿ ಐದು ವಿಶ್ವಪರಂಪರೆಯೆಂದು ಗಣ್ಯವಾದುವು. ಫಲಜ್ ದಾರಿಸ್ ಆ ಐದರಲ್ಲಿ ಒಂದು.

ದಕ್ಷಿಣ ಕನ್ನಡದ ಬಂಟ್ವಾಳ ಸೀಮೆಯವರಿಗೂ ಕಾಸರಗೋಡಿನವರಿಗೂ ಈ ವರ್ಣನೆ ಹೊಸದೆನಿಸಲಾರದು. ಅವರ ಗುಡ್ಡಗಳಲ್ಲಿಯೂ ಮುರಕಲ್ಲನ್ನು ಅಡ್ಡಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆಯಷ್ಟೆ. ಅರಬ್ಬೀ ವರ್ತಕರ ಸಂಪರ್ಕದಿಂದಲೇ ಈ ವಿದ್ಯೆ ನಮ್ಮ ಕರಾವಳಿಗೆ ಬಂದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಎರಡೂ ಕಡೆಯ ವಿದ್ಯೆಗೆ ಇಂದು ಒದಗಿರುವ ಕೇಡಂತೂ ಒಂದೇ. ಆಳದ ಬಾವಿಗಳಿಂದ ಯಂತ್ರಗಳು ನೀರನ್ನು ಹೀರಿದಂತೆಲ್ಲ ಅಂತರ್ಜಲ ಕೆಳಗಿಳಿಯುತ್ತದೆ, ಸುರಂಗ ಒಣಗುತ್ತದೆ. ಒಬ್ಬನು ತನ್ನ ಹೊಲದಲ್ಲಿ ಎಷ್ಟು ಆಳಕ್ಕಾದರೂ ಕೊರೆಯಬಲ್ಲನಾದರೆ, ನೆರಳು ನೋಡಿ ನೀರು ಹಂಚುವ ನ್ಯಾಯಕ್ಕೆ ಬೆಲೆಯೆಲ್ಲಿ? ಮಗನು ಕಾಲುವೆಯಲ್ಲಿ ಕಾಲಿಳಿಬಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಒಂಬತ್ತು ವರುಷಗಳಲ್ಲಿ ಅವನೂ ಇಲ್ಲಿಗೆ ಬಂದುದು ಅದೇ ಮೊದಲು.

ನಿಜ್ವಾದ ನೆತ್ತಿಯ ಮೇಲೆ ಜಬಲ್ ಅಖ್ದರ್, ಎಂದರೆ ಹಸಿರು ಬೆಟ್ಟ. ಅಲ್ಲಿನ ಮೆಟ್ಟಿಲುಗದ್ದೆಗಳಲ್ಲಿ ದಾಳಿಂಬೆಯೂ ಗುಲಾಬಿಯೂ ಬೆಳೆಯುತ್ತವೆ. ಏಪ್ರಿಲ್ ತಿಂಗಳ ಸುಮಾರಿಗೆ ಮನೆಮನೆಯಲ್ಲಿ ಗುಲಾಬಿ ನೀರನ್ನು ಭಟ್ಟಿಯಿಳಿಸುತ್ತಾರೆ. ಇನ್ನೂ ಮುಂದಿರುವ ಜಬಲ್ ಶಮ್ಸ್ ಸುಮಾರು 3,000 ಮೀಟರು ಎತ್ತರದ್ದು. ಅದರ ಅಂಚಿನಿಂದ ಕೆಳಗಿನ ಕಮರಿಯನ್ನು ಇಣುಕಿದರೆ ಎದೆ ನಡುಗುತ್ತದೆ. ದಾರಿ ಕಡಿದಾದುದು; ಬಲ್ಲ ಸಾರಥಿಯ ಕೈಯಲ್ಲಿಯೇ ಮೋಟಾರನ್ನು ಬಿಡುವುದು ಲೇಸು.

ಮರಳಿ ಕಡಲಿನ ಕಡೆಗೆ ಬರೋಣ. ಮಸ್ಕತ್ತಿನಿಂದ ಆಗ್ನೇಯಕ್ಕೆ ತೀರದಗುಂಟ ಸುಮಾರು 200 ಕಿಲೋಮೀಟರು ಹೋದರೆ ಸೂರ್ ಎಂಬ ಹಡಗು ಕಟ್ಟುವವರ ಊರು. ದಾರಿಯಲ್ಲಿ ‘ವಾದಿ’ಗಳೆಂಬ ಕಣಿವೆಗಳಿವೆ, ಬೋಳು ಬಂಡೆಗಳ ನಡುವೆ ಹಸಿರು ಮಡುಗಳು ತುಂಬಿ ನಿಂತಿರುತ್ತವೆ. ವಾದಿ ಶಾಬ್ ಎಂಬುದು ಅವುಗಳಲ್ಲಿ ಹೆಸರಾದುದು. ದೂರದ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಹಠಾತ್ತಾಗಿ ಪ್ರವಾಹ ಬರುವುದರಿಂದ, ಮೋಡ ಕಂಡ ದಿನ ವಾದಿಗೆ ಇಳಿಯಕೂಡದು.

ಸೂರಿನ ಹಡಗುಗಳಿಗೆ ಬೇಕಾದ ಮರ ಬಹುಕಾಲದಿಂದ ಮಲಬಾರದ ಕಾಡುಗಳಿಂದ ಬರುತ್ತಿದ್ದಿತು. ಹಿಂದಿನ ಕಾಲದಲ್ಲಿ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರು. ಅಂತಹ ಹೊಲಿದ ಹಡಗು ನಿಜವಾಗಿಯೂ ದೂರದೇಶಗಳನ್ನು ಮುಟ್ಟೀತೇ ಎಂದು ಪರೀಕ್ಷಿಸಲು ಟಿಮ್ ಸೆವೆರಿನ್ ಎಂಬ ಸಾಹಸಿಯು ಸೂರಿನಲ್ಲಿ ‘ಸೊಹಾರ್’ ಎಂಬ ನೌಕೆಯನ್ನು ಕಟ್ಟಿಸಿ, 1980ರಲ್ಲಿ ಒಮಾನಿನಿಂದ ಹೊರಟು 1981ರಲ್ಲಿ ಚೀನದ ಕ್ಯಾಂಟನ್ ನಗರವನ್ನು ಸೇರಿದನು. ಆ ನೌಕೆ ಈಗ ಮಸ್ಕತ್ತಿನ ಹೊರವಲಯದ ರಸ್ತೆಯ ವೃತ್ತವೊಂದರಲ್ಲಿ ವಿಶ್ರಾಂತಿ ಪಡೆಯುತ್ತಿದೆ.

ಸೂರಿನ ಮುಂದೆ ರಾಸ್ ಅಲ್ ಜಿನ್ಸ್ ಎಂಬ ಮರಳುದಂಡೆಯಲ್ಲಿ ಕಡಲಾಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ. ಮಾರ್ಗದರ್ಶಿಯ ಸಂಗಡ, ದೀಪವಿಲ್ಲದೆ, ಸದ್ದಿಲ್ಲದೆ ಹೋಗಬೇಕು. ದೊಡ್ಡ ಮೈಯನ್ನು ಎಳೆದುಕೊಂಡು ಬಂದು, ಹಿಂದುಗಾಲುಗಳಿಂದ ಕುಳಿ ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಅದು ಹಿಂದಿರುಗಿ ನೋಡದೆ ಕಡಲಿಗಿಳಿಯುತ್ತದೆ. ತಾನು ಹುಟ್ಟಿದ ಕರೆಗೇ ಮೊಟ್ಟೆಯಿಡಲು ಮರಳುತ್ತದೆಂದು ತಿಳಿದವರು ಹೇಳುತ್ತಾರೆ. ಮನೆಯಾಕೆ ಅದನ್ನು ಕೇಳಿ ಮಗನ ಮುಖವನ್ನು ನೋಡಿದಳು.

ಮರುವರುಷದ ಶ್ರಾವಣದಲ್ಲಿ ನಾವು ಪುನಃ ಹೋದುದು ದಕ್ಷಿಣದ ಸಲಾಲಾ ಪಟ್ಟಣಕ್ಕಾಗಿ. ಅದು ಮಸ್ಕತ್ತಿನಿಂದ ಸುಮಾರು 1,000 ಕಿಲೋಮೀಟರು ದೂರ. ಉತ್ತರದ ಊರುಗಳು ಬೆಂಕಿಯಂತೆ ಸುಡುವ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗಿನ ಕಾಲದಲ್ಲಿ ಸಲಾಲಾದ ಗುಡ್ಡಗಳು ಮಂಜು ಮುಸುಕಿ, ತುಂತುರು ಹನಿದು, ಹಸಿರಾಗಿರುತ್ತವೆ. ಇದಕ್ಕೆ ‘ಖರೀಫ್’ ಎಂದು ಹೆಸರು. ನೈಋತ್ಯದ ಗಾಳಿ ತೀರದಗುಂಟ ಬೀಸುತ್ತ ಮೇಲಿನ ನೀರನ್ನು ದೂರಕ್ಕೆ ತಳ್ಳುತ್ತದೆ. ಆಳದ ತಣ್ಣೀರು ಮೇಲಕ್ಕೇಳುತ್ತದೆ. ಅದರ ಮೇಲೆ ಹಾಯುವ ತೇವದ ಗಾಳಿ ತಣಿದು ಮಂಜಾಗಿ ಬೆಟ್ಟಕ್ಕೆ ತಾಕುತ್ತದೆ. ಮರಗಳು ಎಲೆಗಳಿಂದ ಆ ಮಂಜನ್ನು ಹಿಡಿದು ನೆಲಕ್ಕೆ ಹನಿಸುತ್ತವೆ. ಅದೇ ಮುಂಗಾರಿನ ಗಾಳಿಯೇ ಕಡಲನ್ನು ದಾಟಿ, ಮತ್ತಷ್ಟು ನೀರನ್ನು ಹೊತ್ತು, ನಮ್ಮ ಆಗುಂಬೆಯಲ್ಲಿ ಕುಂಭದ್ರೋಣವಾಗಿ ಸುರಿಯುತ್ತದೆ. ಅವರಿಗೆ ಸಿಕ್ಕುವುದು ಹನಿ, ನಮಗೆ ಸಿಕ್ಕುವುದು ಹೊಳೆ. ಹನಿಗಾಗಿ ಅವರು ಛತ್ರಿಯನ್ನೂ ಬಿಟ್ಟು ಮಕ್ಕಳುಮರಿಗಳೊಡನೆ ಗುಡ್ಡದಲ್ಲಿ ಹಬ್ಬಮಾಡುವುದನ್ನು ನೋಡಿದಾಗ, ಮಳೆಯನ್ನು ಬೈಯುವ ನಮ್ಮ ಅಭ್ಯಾಸಕ್ಕೆ ನಾಚಿಕೆಯಾಯಿತು.

ಸಲಾಲಾದಲ್ಲಿ ತೆಂಗು ಬಾಳೆಗಳ ತೋಟಗಳನ್ನು ಕಂಡರೆ ಊರಿಗೆ ಬಂದಂತೆಯೇ ಆಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದಿದ್ದ ಇಬ್ನ್ ಬತೂತನೂ ಇಲ್ಲಿನ ತೆಂಗನ್ನೂ ವೀಳ್ಯದೆಲೆಯನ್ನೂ ಕಂಡು ಬೆರಗಾಗಿ ಬರೆದಿದ್ದಾನೆ. ಬೆಟ್ಟದ ಹಿಂಬದಿಯ ಒಣನೆಲದಲ್ಲಿ ಲೋಬಾನದ ಮರಗಳಿವೆ. ತೊಗಟೆಯನ್ನು ಕೆತ್ತಿದರೆ ಹಾಲಿನಂತಹ ಅಂಟು ಒಸರಿ ಗಟ್ಟಿಯಾಗುತ್ತದೆ. ಅರಬ್ಬಿಯ ‘ಲುಬಾನ್’ ಎಂಬುದರಿಂದಲೇ ನಮ್ಮ ಲೋಬಾನವೆಂಬ ಮಾತು ಬಂದಿದೆ. ಹಿಂದೆ ಈಜಿಪ್ಟು ರೋಮುಗಳಿಗೆ ಈ ಧೂಪ ಹೋಗುತ್ತಿದ್ದಿತು. ಅದನ್ನು ಸಾಗಿಸುತ್ತಿದ್ದ ಸುಂಹುರಂ ಎಂಬ ಹಾಳು ರೇವಿನಲ್ಲಿ ಭಾರತದ ಮಡಕೆಯ ಚೂರುಗಳೂ ದೊರೆತಿವೆ. ಈ ಪ್ರದೇಶದ ನಾಲ್ಕು ಸ್ಥಳಗಳು 2000ದಲ್ಲಿ ವಿಶ್ವಪರಂಪರೆಗೆ ಸೇರಿದುವು.

ಹೋಗುವವರಿಗೆ ಎರಡು ಮಾತು. ಮಸ್ಕತ್ತು, ನಿಜ್ವಾ, ಸೂರುಗಳಿಗೆ ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಒಳ್ಳೆಯದು. ಸಲಾಲಾಕ್ಕೆ ಜುಲೈ, ಆಗಸ್ಟು. ಯಾರ ಮನೆಗೆ ಹೋದರೂ ಖರ್ಜೂರವನ್ನೂ ಏಲಕ್ಕಿ ಹಾಕಿದ ಕಾಫಿಯನ್ನೂ ಕೊಡುತ್ತಾರೆ. ಸಾಕೆನಿಸಿದರೆ ಬಟ್ಟಲನ್ನು ಮೆಲ್ಲನೆ ಅಲುಗಾಡಿಸಬೇಕು. ಸುಮ್ಮನೆ ಹಿಡಿದಿದ್ದರೆ ಮತ್ತೆ ಮತ್ತೆ ತುಂಬುತ್ತಲೇ ಇರುತ್ತಾರೆ.

ನಾವು ತಂದುದು ಒಂದು ಡಬ್ಬಿ ಹಲ್ವ, ಒಂದು ಪೊಟ್ಟಣ ಲೋಬಾನ. ಶುಕ್ರವಾರದ ಸಂಜೆ ದೇವರ ಮುಂದೆ ಅದನ್ನು ಕೆಂಡದ ಮೇಲೆ ಹಾಕಿದಾಗ ಮನೆಯೆಲ್ಲ ಘಮಘಮಿಸುತ್ತದೆ. ನೆರೆಯವರು, “ಎಲ್ಲಿಯದು?” ಎಂದು ಕೇಳುತ್ತಾರೆ. ಮನೆಯಾಕೆ ಈಗ ಮೂರು ಮಾತಿನಲ್ಲಿ ಮುಗಿಸುವುದಿಲ್ಲ. ಚಾಪೆ ಹಾಸಿ, ಕೂರಿಸಿ, ಕಾಲುವೆಯ ಕಥೆಯಿಂದ ಮೊದಲುಮಾಡುತ್ತಾಳೆ.