ಕೈಯಲ್ಲಿ ಗಾಳ, ಹೆಗಲಿಗೆ ಕ್ಯಾಮೆರಾ: ಹಿಂಗೂ ಒಬ್ಬ ಸಂಸಾರಸ್ಥ ಇದ್ದ

ಹುಡಗಿಯಂಥ ಊರಲ್ಲಿ ಮದುವೆಯಾದ ಗಂಡಸೊಬ್ಬ ದಿನವಿಡೀ ನೀರಿನ ದಂಡೆಗೆ ಗಾಳ ಹಾಕಿ ಕೂತರೆ ಮಂದಿ ಏನಂತಾರೆ? "ಇಂವಗ ಕೆಲಸಿಲ್ಲ, ಬೊಗಸಿಲ್ಲ" ಅಂತಾರೆ. ಅದೇ ಮನುಷ್ಯ ಹಕ್ಕಿ ನೋಡಲಿಕ್ಕೆ ಪೊದೆಯೊಳಗೆ ತಾಸುಗಟ್ಟಲೆ ಅಡಗಿ ಕೂತನೆಂದರೆ ಮುಗಿದೇ ಹೋಯಿತು. ಅವನ ಮನೆಯವರಿಗೆ ಸುದ್ದಿ ಮುಟ್ಟಿಸುವವರೇ ಹತ್ತು ಮಂದಿ.

ಇವೆರಡನ್ನೂ ಜೀವಮಾನವಿಡೀ ಮಾಡಿ, ಸಂಸಾರವನ್ನೂ ಚೊಕ್ಕವಾಗಿ ನಡೆಸಿ, ನಾಡಿಗೇ ಬೇಕಾದವರಾಗಿ ಹೋದವರು ಪೂರ್ಣಚಂದ್ರ ತೇಜಸ್ವಿ. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡಾಗ ವಯಸ್ಸು 68. ಮೂಡಿಗೆರೆ ಎಲ್ಲಿ, ಹುಡಗಿ ಎಲ್ಲಿ! ನಡುವೆ ಹೆಚ್ಚುಕಡಿಮೆ ಇಡೀ ರಾಜ್ಯವೇ ಇದೆ. ಆದರೂ ಪ್ರತಿ ಬೇಸಿಗೆಗೆ ಈ ಮನುಷ್ಯನ ನೆನಪು ಮಾಡಿಕೊಳ್ಳಲು ಇಲ್ಲಿಯವರಿಗೂ ಕಾರಣವಿದೆ.

ನೌಕರಿ ಬೇಡ ಎಂದ ಎಂ.ಎ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಕುವೆಂಪು. ಮೈಸೂರಲ್ಲಿ ಕನ್ನಡ ಎಂ.ಎ. ಮಾಡಿದರು. ಆ ಕಾಲಕ್ಕೆ ಎಂ.ಎ. ಅಂದರೆ ಕಾಲೇಜು ಮೇಷ್ಟರ ಕೆಲಸ, ತಿಂಗಳ ಪಗಾರ, ಕೊನೆಗೆ ಪಿಂಚಣಿ. ಇವರು ಅದನ್ನೆಲ್ಲ ಬದಿಗಿಟ್ಟು ಮೂಡಿಗೆರೆ ಕಾಡಿನ ನಡುವೆ ಕಾಫಿ ತೋಟ ಮಾಡಲು ಹೋದರು.

1966ರಲ್ಲಿ ಮದುವೆ. ಹುಡುಗಿ ತಾವೇ ಮೆಚ್ಚಿದ ರಾಜೇಶ್ವರಿ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರವಿಲ್ಲ. ಕುವೆಂಪು ಅವರ ಮಂತ್ರ ಮಾಂಗಲ್ಯ ಶುರುವಾದದ್ದೇ ಈ ಮದುವೆಯಿಂದ. ಮಗಳ ಲಗ್ನಕ್ಕೆ ಹೊಲ ಒತ್ತೆ ಇಡುವವರು ಈ ಒಂದು ಸಂಗತಿಯನ್ನು ಎರಡು ಸಲ ಓದಬೇಕು.

ಸುಸ್ಮಿತಾ, ಈಶಾನ್ಯೆ ಎಂಬ ಇಬ್ಬರು ಹೆಣ್ಣುಮಕ್ಕಳಾದರು. ಪೇಟೆಯ ಗದ್ದಲದಿಂದ ದೂರ, ತೋಟದ ನಡುವೆ ಸಂಸಾರ. ಮನೆಗೆ ಇಟ್ಟ ಹೆಸರು 'ನಿರುತ್ತರ'. ಗಂಡ ಹೋದ ಮೇಲೆ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂದು ದೊಡ್ಡ ಪುಸ್ತಕವನ್ನೇ ಬರೆದರು. 2021ರಲ್ಲಿ ಅವರೂ ತೀರಿಕೊಂಡರು. ಹೆಂಡತಿ ಹಂಗೆ ಪ್ರೀತಿಯಿಂದ ಕೂತು ಬರೆಯುವಂತೆ ಬಾಳುವುದು ಎಷ್ಟು ಗಂಡಂದಿರಿಗೆ ಸಾಧ್ಯ?

ಕೋವಿ ಹೋಯಿತು, ಕ್ಯಾಮೆರಾ ಬಂತು

ತೇಜಸ್ವಿ ಹುಟ್ಟಾ ಸಂತನೇನಲ್ಲ. ಹುಡುಗರಾಗಿದ್ದಾಗ ಮಾಡಿದ ಕಿತಾಪತಿಗಳನ್ನು 'ಅಣ್ಣನ ನೆನಪು' ಪುಸ್ತಕದಲ್ಲಿ ತಾವೇ ಬರೆದುಕೊಂಡಿದ್ದಾರೆ. ಪ್ರಾಯದಲ್ಲಿ ಶಿಕಾರಿಯ ಹುಚ್ಚು. ಕೋವಿ ಹಿಡಿದು ಕಾಡು ಸುತ್ತಿದ ಕೈ ಅದು. ಕಾಡು ಹತ್ತಿರದಿಂದ ಕಂಡಂತೆ ಕೋವಿ ಕೆಳಗಿಟ್ಟರು, ಕ್ಯಾಮೆರಾ ಎತ್ತಿಕೊಂಡರು. ಹಕ್ಕಿಯೊಂದರ ಚಿತ್ರಕ್ಕಾಗಿ ಉಸಿರು ಬಿಗಿಹಿಡಿದು ಕಾದರು. ಮೀನಿನ ಗಾಳವನ್ನು ಮಾತ್ರ ಬಿಡಲಿಲ್ಲ!

ಸಿಟ್ಟು ಮೂಗಿನ ತುದಿಯಲ್ಲೇ. ಸುಮ್ಮನೆ ಮುಖ ನೋಡಲು ಬಂದವರನ್ನು ಗದರಿ ಕಳಿಸಿದ್ದೂ ಉಂಟು. ಆದರೆ ಕೂಲಿಯಾಳು, ಮೆಕ್ಯಾನಿಕ್, ಮೀನು ಹಿಡಿಯುವವ, ಇಂಥವರ ಜತೆ ಕೂತರೆ ಹರಟೆಗೆ ಕೊನೆಯೇ ಇಲ್ಲ. 'ಪರಿಸರದ ಕಥೆ'ಯಲ್ಲಿ ಬರುವ ಮಾರ, ಪ್ಯಾರ, ಕಿವಿ ಎಂಬ ನಾಯಿ, ಇವರ ಸಹವಾಸದಲ್ಲೇ ಆ ಪುಸ್ತಕದ ನಗುವೆಲ್ಲ ಹುಟ್ಟಿದ್ದು. ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ 'ಚಿದಂಬರ ರಹಸ್ಯ'ಕ್ಕೆ ಬಂತು. ಜನರ ಬಾಯಲ್ಲಿ ಉಳಿದದ್ದು ಮಾತ್ರ 'ಕರ್ವಾಲೊ'.

ನಮ್ಮ ಮಂದಣ್ಣ ಎಲ್ಲಿ?

"ಬಿಡ್ರಿ, ಕುವೆಂಪು ಮಗ. ಕಾಫಿ ತೋಟ ಇತ್ತು, ಶೋಕಿ ಮಾಡಿದ. ನಮ್ಮಂಥೋರಿಗೆ ಇದೆಲ್ಲ ಎಲ್ಲೀದು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಬೆಳಗಾದರೆ ತೊಗರಿ ರೇಟು, ಸಾಲದ ಕಂತು ಎಂದು ಓಡುವವನಿಗೆ ಹಕ್ಕಿ ತೋರಿಸಿದರೆ ಅವನು ನಗುತ್ತಾನೆ.

ಆದರೆ ಉತ್ತರವನ್ನು ತೇಜಸ್ವಿ 1980ರಲ್ಲೇ 'ಕರ್ವಾಲೊ' ಬರೆದು ಕೊಟ್ಟಿದ್ದಾರೆ. ಅಲ್ಲಿ ಮಂದಣ್ಣ ಎಂಬ ಹಳ್ಳಿ ಹುಡುಗನಿದ್ದಾನೆ. ಜೇನು ಹುಡುಕಿಕೊಂಡು ಕಾಡು ಅಲೆಯುವವ. ಊರವರ ಕಣ್ಣಿಗೆ ಅಡ್ನಾಡಿ. ಆದರೆ ಯಾರೂ ನಂಬದ ಹಾರುವ ಓತಿಯನ್ನು ಕಂಡವನು ಅವನೇ. ಓದಿದ ವಿಜ್ಞಾನಿ ಕರ್ವಾಲೊ ಅವನನ್ನೇ ಗುರುವಿನಂತೆ ನಂಬಿಕೊಂಡು ಕಾಡಿಗೆ ಹೊರಡುತ್ತಾರೆ. ಮಂದಣ್ಣನಿಗೆ ತೋಟವೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಇದ್ದದ್ದು ಎರಡು ಕಣ್ಣು.

ಅಂಥ ಕಣ್ಣಿನ ಹುಡುಗರು ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಇಲ್ಲವೇ? ಆಡು ಕಾಯುವ ಹುಡುಗನಿಗೆ ಟಿಟ್ಟಿಭ ಯಾವ ಬಯಲಲ್ಲಿ ಮೊಟ್ಟೆ ಇಟ್ಟಿದೆ ಎಂಬುದು ಗೊತ್ತಿರುತ್ತದೆ. ಹೊಲಕ್ಕೆ ನುಗ್ಗುವ ಕೃಷ್ಣಮೃಗದ ಜಾಡು ಬೀದರ್ ಜಿಲ್ಲೆಯ ರೈತನಿಗೆ ಹೇಳಿಕೊಡಬೇಕಿಲ್ಲ. ಬೆಳೆ ತಿಂದಾಗ ಅವನು ಬೈಯುವುದೂ ನ್ಯಾಯವೇ. ಆದರೆ ಅವನ ಮಗ ಅದೇ ಜಿಂಕೆಯನ್ನು ಮೊಬೈಲಿನಲ್ಲಿ ಮಾತ್ರ ನೋಡುತ್ತ ಬೆಳೆಯುತ್ತಿದ್ದರೆ ಮನೆಯಲ್ಲಿ ಏನೋ ಕಳೆದುಹೋದಂತೆ.

ಕುಪ್ಪಳಿಯ ಕವಿಶೈಲದ ಹತ್ತಿರ ತೇಜಸ್ವಿಯವರ ಸ್ಮಾರಕವಿದೆ. ಅಷ್ಟು ದೂರ ಹೋಗಲು ಎಲ್ಲರಿಗೂ ಆಗದು. ಸಾಲಿ ಸೂಟಿ ಬಿದ್ದಾಗ ಒಂದು ದಿನ, ಹೊತ್ತು ಮೂಡುವ ಮುಂಚೆ, ಬಿಸಿಲು ಏರುವುದರೊಳಗೆ, ಮಕ್ಕಳನ್ನು ಎಬ್ಬಿಸಿ ಹೊಲದ ದಂಡೆಗೆ ಕರೆದುಕೊಂಡು ಹೋದರೆ ಸಾಕು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಲಿ. ಆ ಆಡು ಕಾಯುವ ಹುಡುಗನನ್ನೂ ಕರೆಯಲಿ. ಅವತ್ತು ಹಾದಿ ತೋರಿಸುವವನು ಅವನೇ.