ಫ್ಲೆಕ್ಸಿನಲ್ಲಿ ಬರೆಯದ ಲೆಕ್ಕ

ಸಿಇಟಿ ರ‍್ಯಾಂಕ್ ಬಂತೆಂದರೆ ಸಾಕು, ಊರ ಬಸ್ ನಿಲ್ದಾಣದಿಂದ ಪತ್ರಿಕೆಯ ಮುಖಪುಟದವರೆಗೆ ಎಂಜಿನಿಯರಿಂಗ್ ಕಾಲೇಜುಗಳ ಜಾಹೀರಾತು. ಕೋಟು ತೊಟ್ಟ ಹುಡುಗನ ಫೋಟೊ, ಪಕ್ಕದಲ್ಲಿ ಲಕ್ಷಗಳ ಪ್ಯಾಕೇಜು, ಕೆಳಗೆ ನ್ಯಾಕ್ ಗ್ರೇಡು. ಇವುಗಳಲ್ಲಿ ಹೆಚ್ಚಿನವು ಸುಳ್ಳೇನಲ್ಲ. ಆದರೆ ನಿಮ್ಮ ಮಗಳು ಸೇರಲಿರುವ ವಿಭಾಗದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್ ಇದೆ, ಇನ್ನೇನು ಬೇಕು?’

ಯಾರನ್ನು ಸೇರಿಸಿ ನೂರು ಎಂದು ಮೊದಲು ಕೇಳಬೇಕು. ಎಷ್ಟೋ ಕಡೆ ಲೆಕ್ಕಕ್ಕೆ ಬರುವವರು ‘ಅರ್ಹ’ರು ಮಾತ್ರ: ಬ್ಯಾಕ್‌ಲಾಗ್ ಇಲ್ಲದವರು, ಕಂಪನಿ ಕೇಳಿದಷ್ಟು ಅಂಕ ಇರುವವರು, ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಹೆಸರು ಬರೆಸಿದವರು. ಉದಾಹರಣೆಗೆ, 200 ಜನ ಸೇರಿದರು, ನಾಲ್ಕು ವರ್ಷಕ್ಕೆ ಸರಿಯಾಗಿ 140 ಜನ ಪಾಸಾದರು, ಅವರಲ್ಲಿ 90 ಜನ ಅರ್ಹರೆನಿಸಿದರು, ಆ 90 ಜನರಿಗೂ ಕೆಲಸ ಸಿಕ್ಕಿತು ಎಂದುಕೊಳ್ಳಿ. ಫ್ಲೆಕ್ಸಿನ ಲೆಕ್ಕದಲ್ಲಿ ಅದು ಶೇ 100. ಸೀಟು ಹಿಡಿದು ಒಳಗೆ ಕಾಲಿಟ್ಟವರ ಲೆಕ್ಕದಲ್ಲಿ ಶೇ 45. ಒಬ್ಬನಿಗೇ ಬಂದ ಮೂರು ಆಫರನ್ನು ಮೂರೆಂದು ಎಣಿಸುವ ಜಾಣತನವೂ ಇದೆ.

ಅತಿ ಹೆಚ್ಚಿನ ಪ್ಯಾಕೇಜಂತೂ ಒಬ್ಬರ ಕಥೆ. ಅದರಲ್ಲಿ ಕಂಪನಿಯ ಷೇರು, ಸೇರುವಾಗ ಕೊಡುವ ಬೋನಸ್ಸು ಎಲ್ಲ ಸೇರಿರಬಹುದು. ಸರಾಸರಿಯೂ ಮೋಸ ಮಾಡುತ್ತದೆ, ಇಬ್ಬರ ದೊಡ್ಡ ಸಂಬಳ ಅದನ್ನು ಎತ್ತಿಬಿಡುತ್ತದೆ. ಕೇಳಬೇಕಾದ್ದು ಮೀಡಿಯನ್, ಅಂದರೆ ಎಲ್ಲರ ಸಂಬಳವನ್ನೂ ಸಾಲಾಗಿ ಬರೆದರೆ ನಟ್ಟನಡುವೆ ನಿಲ್ಲುವ ಮೊತ್ತ.

ಇದನ್ನು ಯಾರ ಬಾಯಿಂದಲೂ ಹೊರಡಿಸಬೇಕಾಗಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜು ತಾನು ಕೊಟ್ಟ ಅಂಕಿಅಂಶವನ್ನು ತನ್ನ ಜಾಲತಾಣದಲ್ಲೂ ಹಾಕಬೇಕು. ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಉನ್ನತ ವ್ಯಾಸಂಗಕ್ಕೆ ಹೋದರು ಎಂಬುದೆಲ್ಲ ಅಲ್ಲಿದೆ. ನನ್ನ ಮಟ್ಟಿಗೆ ಸೇರಿದವರೆಷ್ಟು, ಸಮಯಕ್ಕೆ ಮುಗಿಸಿದವರೆಷ್ಟು ಎಂಬ ಎರಡು ಅಂಕಿಗಳು ರ‍್ಯಾಂಕಿಗಿಂತ ಹೆಚ್ಚು ಮಾತಾಡುತ್ತವೆ. ಒಂದು ಕೊರತೆಯೆಂದರೆ, ಅಲ್ಲಿ ಎಲ್ಲ ವಿಭಾಗಗಳನ್ನೂ ಒಟ್ಟು ಮಾಡಿರುತ್ತಾರೆ. ಸಿವಿಲ್‌ಗೆ ಎಷ್ಟು, ಮೆಕ್ಯಾನಿಕಲ್‌ಗೆ ಎಷ್ಟು ಎಂಬುದನ್ನು ಕಾಲೇಜಿಗೇ ಹೋಗಿ ಕೇಳಬೇಕು.

‘ನ್ಯಾಕ್ ಎ ಪ್ಲಸ್ ಇದೆ ಎಂದ ಮೇಲೆ ಎಲ್ಲ ವಿಭಾಗವೂ ಚೆನ್ನಾಗಿರುತ್ತದೆ’

ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು. ಒಂದೊಂದು ಕೋರ್ಸನ್ನು ಬೇರೆಬೇರೆಯಾಗಿ ನೋಡಿ ಮಾನ್ಯತೆ ಕೊಡುವುದು ಎನ್‌ಬಿಎ. ಒಂದೇ ಆವರಣದಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಎನ್‌ಬಿಎ ಇದ್ದು, ಹೊಸದಾಗಿ ತೆರೆದ ಎಐ ವಿಭಾಗಕ್ಕೆ ಇಲ್ಲದಿರಬಹುದು. ಮಾನ್ಯತೆಗೆ ಅವಧಿಯೂ ಉಂಟು. ಯಾವ ವರ್ಷದವರೆಗೆ ಎಂದು ನೋಡಿ. ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಎನ್‌ಬಿಎ 2014ರಲ್ಲಿ ಕಾಯಂ ಸದಸ್ಯನಾಯಿತು, ಹಾಗಾಗಿ ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇದ್ದವರಿಗೆ ಇದು ಇನ್ನಷ್ಟು ಮುಖ್ಯ.

‘ಯಾವ ಕಾಲೇಜಾದರೂ ಸರಿ, ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸಾಕು’

ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 2024–25ರಿಂದ ಸಡಿಲಿಸಿದೆ. ಬೇಡಿಕೆ ಇರುವ ಕಡೆ ಸೀಟು ಹೆಚ್ಚಿಸುವುದು ಸುಲಭ, ಕಲಿಸುವವರನ್ನು ಹುಡುಕುವುದು ಕಷ್ಟ. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬುದು ಎಐಸಿಟಿಇ ನಿಯಮ. ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ‘ಮ್ಯಾಂಡೇಟರಿ ಡಿಸ್‌ಕ್ಲೋಷರ್’ ಎಂಬ ದಾಖಲೆ ಇಡಬೇಕು. ಅದರಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ. ಎಣಿಸಿ ನೋಡಲು ಹತ್ತು ನಿಮಿಷ ಸಾಕು. ಆ ಹೆಸರಿನವರು ನಿಜವಾಗಿ ಪಾಠ ಮಾಡುತ್ತಾರೆಯೇ ಎಂಬುದನ್ನು ಕ್ಯಾಂಟೀನಿನಲ್ಲಿ ಕೂತ ಮೂರನೇ ವರ್ಷದ ಹುಡುಗರು ಹೇಳುತ್ತಾರೆ.

‘ಕಟ್ಟಡ ನೋಡಿದರೆ ಗೊತ್ತಾಗುವುದಿಲ್ಲವೇ?’

ಗೊತ್ತಾಗುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ 1917ರಲ್ಲಿ ಶುರು ಮಾಡಿದ ಯುವಿಸಿಇ ಈಗಲೂ ಬೆಂಗಳೂರಿನ ಕೆ.ಆರ್. ವೃತ್ತದ ಹಳೆಯ ಕಟ್ಟಡದಲ್ಲಿದೆ. ಒಳ್ಳೆಯ ರ‍್ಯಾಂಕಿನವರು ಅದನ್ನು ಹುಡುಕಿಕೊಂಡೇ ಹೋಗುತ್ತಾರೆ.

‘ಸ್ವಾಯತ್ತ ಕಾಲೇಜಾದರೆ ವಿಟಿಯು ಪದವಿ ಸಿಗುವುದಿಲ್ಲ’

ಸಿಗುತ್ತದೆ. ವಿಟಿಯುಗೆ ಸೇರಿದ ಸ್ವಾಯತ್ತ ಕಾಲೇಜು ಪಠ್ಯ, ಪರೀಕ್ಷೆ, ಮೌಲ್ಯಮಾಪನವನ್ನು ತಾನೇ ನಡೆಸುತ್ತದೆ, ಪದವಿ ಪತ್ರ ವಿಟಿಯುದೇ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಮಾತು ಬೇರೆ, ಅವು ತಮ್ಮದೇ ಪದವಿ ಕೊಡುತ್ತವೆ. ಹಾಗೆಂದು ಸ್ವಾಯತ್ತತೆಯೇ ದೊಡ್ಡ ಹೆಗ್ಗಳಿಕೆ ಎನ್ನುವುದೂ ಬೇಡ. ಪಾಠ ಹೇಳಿದವರೇ ಪ್ರಶ್ನೆ ತೆಗೆದು ಅಂಕ ಕೊಡುವ ಕಡೆ ಅಂಕಗಳು ಧಾರಾಳವಾಗುವುದುಂಟು.

‘ಸೀಟು ಉಳಿಯಬೇಕಾದರೆ ಮಾರ್ಕ್ಸ್‌ಕಾರ್ಡ್ ಅವರ ಬಳಿಯೇ ಬಿಡಬೇಕು’

ಬೇಕಾಗಿಲ್ಲ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ತಿಳಿಸಿದೆ. ಶುಲ್ಕದ ವಿಚಾರದಲ್ಲೂ ಎಚ್ಚರ ಬೇಕು: ಸರ್ಕಾರಿ ಕೋಟಾದ ಸೀಟಾದರೂ ಬಸ್ಸು, ಹಾಸ್ಟೆಲ್ಲು, ‘ಕೌಶಲ ತರಬೇತಿ’ ಎಂದೆಲ್ಲ ಮೇಲಿನ ಬಾಬ್ತುಗಳು ಇರಬಹುದು. ನಾಲ್ಕೂ ವರ್ಷದ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ರಸೀದಿ ಇಲ್ಲದೆ ಹಣ ಕೊಡಿ ಎನ್ನುವ ಮಧ್ಯವರ್ತಿಯ ಫೋನ್ ಬಂದರೆ, ಕ್ಯಾಪಿಟೇಷನ್ ವಸೂಲಿಯನ್ನು ನಮ್ಮ ರಾಜ್ಯ 1984ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ ಎಂಬುದು ನೆನಪಿರಲಿ.

‘ಸಿಗದ ಕಾಲೇಜನ್ನು ಮೊದಲು ಹಾಕಿದರೆ ಸಿಗುವುದೂ ಕೈತಪ್ಪುತ್ತದೆ’

ಆಪ್ಷನ್ ಎಂಟ್ರಿ ಮಾಡುವಾಗ ಮಕ್ಕಳನ್ನು ಅತಿ ಹೆಚ್ಚು ಹಾದಿ ತಪ್ಪಿಸುವ ಮಾತಿದು. ಸಿಇಟಿ ನಡೆಸುವ ಕೆಇಎ ಸೀಟು ಹಂಚುವುದು ರ‍್ಯಾಂಕಿನ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತಾರೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ನಿಮ್ಮ ಹಕ್ಕು ಕಿಂಚಿತ್ತೂ ಕಡಿಮೆಯಾಗುವುದಿಲ್ಲ, ನಿಮಗಿಂತ ಹಿಂದಿನ ರ‍್ಯಾಂಕಿನವರು ಅದನ್ನು ಮೊದಲು ಕಸಿಯಲಾರರು. ನಷ್ಟವಾಗುವುದು ಉಲ್ಟಾ ಬರೆದಾಗ. ‘ಸಿಗಬಹುದು’ ಎಂದು ಎರಡನೇ ದರ್ಜೆಯ ಕಾಲೇಜನ್ನು ಮೇಲೆ ಹಾಕಿದರೆ ಅದೇ ಸಿಕ್ಕಿ, ಕೆಳಗಿದ್ದ ಒಳ್ಳೆಯದರ ದಾರಿ ಮುಚ್ಚುತ್ತದೆ. ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯನ್ನು ಅಂದಾಜಿಗೆ ಇಟ್ಟುಕೊಳ್ಳಿ, ಆದರೆ ಕ್ರಮವನ್ನು ನಿಮ್ಮ ಇಷ್ಟದಂತೆಯೇ ಬರೆಯಿರಿ. ಅಣಕು ಹಂಚಿಕೆ ಪ್ರಕಟವಾದ ಮೇಲೂ ಪಟ್ಟಿ ತಿದ್ದಲು ಕೆಇಎ ಅವಕಾಶ ಕೊಡುತ್ತದೆ. ಆ ಕೆಲವು ದಿನಗಳಲ್ಲಿ, ಪಟ್ಟಿಯ ಮೇಲಿನ ನಾಲ್ಕೈದು ಕಾಲೇಜುಗಳಿಗಾದರೂ ಒಮ್ಮೆ ಹೋಗಿ ಬನ್ನಿ.