ಕಂದು ಹಾಕದ ಕಲ್ಲುಬಾಳೆ

ತೋಟದ ಬಾಳೆ ಗೊನೆ ಕೊಟ್ಟು ಸತ್ತರೂ ಬುಡದಲ್ಲಿ ಕಂದು ನಿಂತಿರುತ್ತದೆ. ರೈತನಿಗೆ ಮುಂದಿನ ಚಿಂತೆಯಿಲ್ಲ. ಈ ಕಂದನ್ನೇ ತೆಲುಗಿನಲ್ಲಿ ‘ಪಿಲಕ’ ಅಂತಾರೆ. ಆದರೆ ಪಶ್ಚಿಮಘಟ್ಟದ ಬಂಡೆ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆಗೆ ಕಂದೂ ಇಲ್ಲ, ಪಿಲಕವೂ ಇಲ್ಲ. ಆಯುಷ್ಯದಲ್ಲಿ ಒಂದೇ ಸಲ ಹೂಬಿಟ್ಟು, ಬೀಜ ಕಟ್ಟಿ, ಒಣಗಿ ಹೋಗುತ್ತದೆ. ಬೀಜ ಉಳಿದರೆ ವಂಶ ಉಂಟು, ಇಲ್ಲದಿದ್ದರೆ ಇಲ್ಲ.

ಮಲಯಾಳದವರಿಗೆ ಇದು ಕಲ್ಲುವಾಳ, ತಮಿಳರಿಗೆ ಕಲ್ವಾಳೈ. ಗಡಿ ಬೇರೆಯಾದರೂ ಕಲ್ಲು ಒಂದೇ, ಬಾಳೆ ಒಂದೇ! ತೆಲುಗು ನಾಡಿನ ಸಾಮರ್ಲಕೋಟದಲ್ಲಿ ಸಸ್ಯತೋಟ ಮಾಡಿದ್ದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ‘ಮ್ಯೂಸಾ ಸುಪರ್ಬಾ’ ಎಂದು ಕರೆದ. 1940ರ ದಶಕದಲ್ಲಿ ಚೀಸ್‌ಮನ್ ಎಂಬ ವಿಜ್ಞಾನಿ ಇದನ್ನು ನಮ್ಮ ಬಾಳೆಯ ಕುಲದಿಂದ ಬೇರ್ಪಡಿಸಿ ‘ಎನ್ಸೆಟೆ’ ಕುಲಕ್ಕೆ ಸೇರಿಸಿದರು. ಇಥಿಯೋಪಿಯಾದಲ್ಲಿ ಲಕ್ಷಾಂತರ ಜನರ ಹೊಟ್ಟೆ ತುಂಬಿಸುವುದು ಇದರ ದಾಯಾದಿ ಗಿಡದ ಗೆಡ್ಡೆ ಮತ್ತು ದಿಂಡು.

ನಮ್ಮದು ಮಡಕಶಿರಾ ಸೀಮೆ. 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಳೆ ಮಾತ್ರ ಅಂದಿನಷ್ಟೇ. ವಯನಾಡಿನ ಕನ್ನಡ ಸ್ನೇಹಿತರೊಬ್ಬರು, ತಮ್ಮ ತೋಟದಂಚಿನಲ್ಲಿ ಹಣ್ಣಾಗಿ ಉದುರಿದ್ದ ಬೀಜ ಕಳಿಸಿದ್ದರು. ಕಡಲೆಕಾಳಿಗಿಂತ ದಪ್ಪ, ಕಲ್ಲಿನಂಥ ಗಟ್ಟಿ. ನಾಲ್ಕು ದಿನ ನೀರು ಬದಲಿಸುತ್ತ ನೆನೆಸಿ, ಮರಳು, ಕೆಮ್ಮಣ್ಣು, ಹಳೇ ಗೊಬ್ಬರ ಬೆರೆಸಿದ ಚೀಲಗಳಲ್ಲಿ ಊರಿದೆ. ಒಂದು ಮೊಳೆತು ತಿಂಗಳುಗಳಾದ ಮೇಲೆ ಇನ್ನೊಂದು. ಇಪ್ಪತ್ತರಲ್ಲಿ ಐದು ಉಳಿದವು. ನೀರು ನಿಲ್ಲದ ಕಲ್ಲುದಿಬ್ಬದಲ್ಲಿ, ಮುಂಗಾರು ಹಿಡಿದಾಗ ನೆಟ್ಟೆ.

ಪಕ್ಕದ ಹೊಲದವರು ಕೇಳಿದರು: “ಏಮಯ್ಯಾ, ತಿನಲೇನಿ ಅರಟಿಕಿ ನೀಳ್ಳೆಂದುಕು?” ತಿನ್ನಲಾಗದ ಬಾಳೆಗೆ ನೀರು ಯಾಕೆ ಅಂತ. ಬೋರು ಬತ್ತುವ ಊರಲ್ಲಿ ನ್ಯಾಯವಾದ ಪ್ರಶ್ನೆಯೇ. ಹಣ್ಣಿನ ತುಂಬಾ ಬೀಜ, ತಿರುಳು ಸ್ವಲ್ಪ. ಆದರೆ ಬೇಸಿಗೆಯಲ್ಲಿ ಇದು ನೀರು ಕೇಳುವುದೇ ಇಲ್ಲ. ಎಲೆಯೆಲ್ಲ ಒಣಗಿ, ಗೆಡ್ಡೆ ನೆಲದೊಳಗೆ ನಿದ್ದೆ ಹೋಗುತ್ತದೆ. ಮಳೆ ಬಿದ್ದರೆ ಮತ್ತೆ ಸುಳಿ ಬಿಡುತ್ತದೆ. ಸತ್ತಿತೆಂದು ಕಿತ್ತುಹಾಕಬಾರದು, ನೀರು ಹುಯ್ದು ಕೊಳೆಸಲೂಬಾರದು. ನಾಲ್ಕು ವರ್ಷವಾಯಿತು, ಇನ್ನೂ ಹೂ ಬಂದಿಲ್ಲ. ಅದಕ್ಕೆ ಇನ್ನೂ ವರ್ಷಗಳು ಬೇಕು.

ಕಾಡಿನಲ್ಲಿ ಇದಕ್ಕೆ ಆಪತ್ತು ಅಲ್ಲೇ ಇದೆ. ಮೂತ್ರಕಲ್ಲಿನ ನಾಟಿ ಔಷಧಿಗೆಂದು ಬೀಜ ಆಯುತ್ತಾರೆ. ಪಲ್ಯಕ್ಕೆ ಹೂವನ್ನೂ ದಿಂಡನ್ನೂ ಕಡಿಯುತ್ತಾರೆ. ತೋಟದ ಬಾಳೆಯ ಹೂ ಕಡಿದರೆ ನಷ್ಟ ಒಂದು ಗೊನೆ. ಕಲ್ಲುಬಾಳೆಯ ಹೂ ಕಡಿದರೆ ಆ ಗಿಡದ ಸಂತಾನವೇ ಮುಗಿಯಿತು. ಅದರ ಮಕರಂದಕ್ಕೆ ಬರುವ ಬಾವಲಿಗೂ ಊಟ ತಪ್ಪಿತು.

ಹೊಲದ ಐದು ಗಿಡಗಳಿಂದ ಕಾಡು ಉಳಿಯುವುದಿಲ್ಲ, ಬಲ್ಲೆ. ಗಿಡ ಬೇಕೆನ್ನುವವರು ಬಂಡೆಯಿಂದ ಗೆಡ್ಡೆ ಕೀಳದೆ ಬೀಜದಿಂದ ಬೆಳೆಸಲಿ. ವಯನಾಡು, ನೀಲಗಿರಿ, ಕಾಸರಗೋಡಿನ ನಮ್ಮ ಕನ್ನಡ ಬಂಧುಗಳು ತಮ್ಮ ಜಮೀನಿನಲ್ಲಿ ಗೊನೆ ಬಿಟ್ಟ ಕಲ್ಲುಬಾಳೆ ಕಂಡರೆ, ಹಣ್ಣು ತಾನಾಗಿ ಉದುರುವ ತನಕ ಕತ್ತಿ ಮುಟ್ಟಿಸದಿರಲಿ. ಅದಕ್ಕೆ ಇರುವುದು ಅದೊಂದೇ ಗೊನೆ.